ಬಿಸಿಲ ದಾರಿಗೆ ಹಸಿ ಅಂಗಿ

ನಮ್ಮ ಕಡೆ ಮದುವೆಗಳಾಗುವುದು ಬೇಸಿಗೆಯಲ್ಲೇ. ರಾಶಿ ಮುಗಿದು ಹೊಲ ಖಾಲಿಯಾಗಿರುತ್ತದೆ, ತೊಗರಿ ಮಾರಿದ ದುಡ್ಡು ಕೈಗೆ ಬಂದಿರುತ್ತದೆ, ಮಕ್ಕಳಿಗೆ ಸಾಲಿ ಸೂಟಿ. ಹೀಗಾಗಿ ಲಗ್ನಪತ್ರಿಕೆ ಹಂಚುವ ಕೆಲಸ ಬಂದು ಕೂರುವುದು ಏಪ್ರಿಲ್ ಕೊನೆಗೆ, ಮೇ ಮೊದಲಿಗೆ. ಬೀಗರ ಊರು, ಸೋದರತ್ತೆಯ ಊರು, ಅಪ್ಪನ ಜೊತೆ ಹತ್ತಿ ಮಾರಲು ಹೋಗುತ್ತಿದ್ದವರ ಊರು. ಫೋನಿನಲ್ಲಿ ಹೇಳಿದರೆ ಹೇಳಿದಂತಲ್ಲ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಆ ಮನೆಯ ಹಿರಿಯರ ಕೈಗೇ ಕೊಡಬೇಕು, ಅವರು ಕೊಟ್ಟ ಚಹಾ ಕುಡಿಯಬೇಕು, "ಎಲ್ಲಾರೂ ಬರ್ರಿ" ಎಂದು ಕೈ ಮುಗಿಯಬೇಕು. ಈ ಕೆಲಸ ಮನೆಯ ಗಂಡುಮಕ್ಕಳ ಪಾಲಿಗೆ. ಅವರ ಪಾಲಿಗೆ ಇರುವುದು ಒಂದು ಮೋಟರ್ ಸೈಕಲ್.

ಕೆಲವು ವರ್ಷಗಳ ಹಿಂದೆ ಕಾಕಾನ ಮಗಳ ಮದುವೆಗೆ ಅಂಥದ್ದೊಂದು ಸುತ್ತು ನನ್ನ ಪಾಲಿಗೆ ಬಂತು. ಕಲಬುರಗಿಯಿಂದ ಹೊರಟು ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಮಸ್ಕಿ, ಕೊನೆಗೆ ಸಿಂಧನೂರು. ಇನ್ನೂರು ಕಿಲೋಮೀಟರು ಮೀರುವ ದಾರಿ. ಹಿಂದೆ ಕಾಕಾನ ಮಗ, ಅವನ ತೊಡೆಯ ಮೇಲೆ ಪತ್ರಿಕೆಗಳ ಚೀಲ. ಸುಸಲಾ, ಮಿರ್ಚಿ ತಿಂದು ಮನೆ ಬಿಟ್ಟಾಗ ಒಂಬತ್ತು ದಾಟಿತ್ತು. ನನ್ನ ಮೈಮೇಲೆ ಅರ್ಧ ತೋಳಿನ ಅಂಗಿ. ಹೆಲ್ಮೆಟ್ಟನ್ನು ಊರು ದಾಟಿದ ಮೇಲೆ ತೆಗೆದು ಟ್ಯಾಂಕಿನ ಮೇಲೆ ಇಟ್ಟುಕೊಂಡೆ. ಹೊರಡುವಾಗ ಕಾಕು ಬಾಗಿಲಲ್ಲಿ ನಿಂತು ಬಿಸಿಲಿನ ಮಾತೆತ್ತಿದ್ದಕ್ಕೆ, "ಗಾಡಿ ಓಡ್ತಿದ್ರ ಗಾಳಿ ಬಡೀತದ, ಏನೂ ಆಗಂಗಿಲ್ಲ" ಎಂದಿದ್ದೆ. ಆ ಮಾತು ಎಷ್ಟು ತಪ್ಪೆಂದು ತಿಳಿಯಲು ನನಗೆ ಐದು ತಾಸು ಹಿಡಿಯಿತು.

ಕಟ್ಟಿಸಂಗಾವಿ ಸೇತುವೆಯ ಕೆಳಗೆ ಭೀಮೆ ಸೊರಗಿ, ಮರಳಿನ ನಡುವೆ ಅಲ್ಲಲ್ಲಿ ಮಡುಗಟ್ಟಿದ್ದಳು. ಜೇವರ್ಗಿಯಲ್ಲಿ ಎರಡು ಮನೆ ಮುಗಿಸಿ ಹೊರಬಿದ್ದರೆ ರಸ್ತೆಯ ಎರಡೂ ಬದಿಗೆ ಎರೆ ಹೊಲ. ಬೆಳೆ ಕಿತ್ತಾದ ಮೇಲೆ ಆ ಕಪ್ಪು ನೆಲ ಅಂಗೈ ಹಿಡಿಸುವಷ್ಟು ಬಿರುಕು ಬಿಟ್ಟು, ಒಂದು ಗಿಡದ ನೆರಳೂ ಇಲ್ಲದೆ ಬಾನಿಗೆ ಮೈಯೊಡ್ಡಿ ಬಿದ್ದಿರುತ್ತದೆ. ಹತ್ತೂವರೆಯವರೆಗೆ ಗಾಳಿ ಹಿತವಾಗಿಯೇ ಇತ್ತು. ಬೆವರಿದ ಮೈಗೆ ತಂಪೆನಿಸುತ್ತಿತ್ತು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಹತ್ತಿರ ಬರುವಷ್ಟರಲ್ಲಿ ಅದರ ಗುಣ ಬದಲಾಗಿತ್ತು. ಕಾದ ಬಂಡೆಗಳ ಮಗ್ಗುಲಲ್ಲಿ ಹಾಯುವಾಗ ರೊಟ್ಟಿ ಸುಡುವ ಒಲೆಯ ಮುಂದೆ ಮುಖ ಚಾಚಿದ ಹಾಗಾಗುತ್ತಿತ್ತು. ಸುರಪುರದಲ್ಲಿ ಸೋದರತ್ತೆ ಊಟಕ್ಕೆ ಹಾಕಿ, "ಒಂದೆರಡು ತಾಸು ಅಡ್ಡಾಗ್ರಿ, ಹೊತ್ತು ಇಳಿದ ಮ್ಯಾಲ ಹೋಗ್ರಿ" ಅಂದಳು. ಇನ್ನೂ ಎಂಟು ಮನೆ ಉಳಿದಿದ್ದವು. ಕೇಳಲಿಲ್ಲ.

ತಿಂಥಣಿ ಬ್ರಿಜ್ ದಾಟಿದಾಗ ಎರಡು ಗಂಟೆ. ಕೆಳಗೆ ಕೃಷ್ಣೆಯ ನೀರು ಕಂಡರೂ ಅದರ ಮೇಲಿಂದ ಬಂದ ಗಾಳಿಯಲ್ಲಿ ತಂಪಿರಲಿಲ್ಲ. ಆಗ ಒಂದು ಸಂಗತಿ ಗಮನಕ್ಕೆ ಬಂತು: ನಾನು ಬೆವರುತ್ತಿರಲಿಲ್ಲ. ಮೊಳಕೈ ಸವರಿಕೊಂಡರೆ ಒಣ ಉಪ್ಪು ಕೈಗೆ ಹತ್ತಿತು. ಮೈ ಬಿಸಿಲಿಗೆ ಹೊಂದಿಕೊಂಡಿದೆ ಅಂದುಕೊಂಡು ಒಳಗೊಳಗೇ ಸಮಾಧಾನಪಟ್ಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ಆಕಳಿಕೆ ಮೇಲೆ ಆಕಳಿಕೆ. ಆ ಉರಿಯಲ್ಲಿ ತೋಳಿನ ಮೇಲೆ ಮುಳ್ಳೆದ್ದು ಚಳಿಯಾದಂತೆ ಅನಿಸಿತು. ತಮ್ಮ ಹಿಂದಿನಿಂದ ಏನೋ ಕೇಳಿದ. ಪದಗಳು ಕೇಳಿಸಿದವು, ಅರ್ಥವಾಗಲಿಲ್ಲ. ವೇಗ ಮೂವತ್ತಕ್ಕೆ ಇಳಿದಿದ್ದು ನನಗೆ ತಿಳಿದೇ ಇರಲಿಲ್ಲ, ಅವನಿಗೆ ತಿಳಿದಿತ್ತು. ಭುಜ ಹಿಡಿದು ಅಲುಗಿಸಿ, "ಅಣ್ಣಾ, ನಿಲ್ಸು, ಅಲ್ಲಿ ಹೋಟೆಲ್ ಅದ" ಅಂದ. ಅವನು ಹಿಂದೆ ಇರದಿದ್ದರೆ ಗಾಡಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂದು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಅದು ಬೇವಿನ ಮರದ ಬುಡದಲ್ಲಿ ತಟ್ಟಿ ಕಟ್ಟಿ ಮಾಡಿದ ಚಹಾದಂಗಡಿ. ನಡೆಸುತ್ತಿದ್ದವಳು ಒಬ್ಬ ಮುದುಕಿ. ನಾನು ಮುಖ ತೊಳೆದುಕೊಂಡು ಬೆಂಚಿನ ಮೇಲೆ ಕುಸಿದೆ. ಆಕೆ ನನ್ನ ಕಣ್ಣು ನೋಡಿದಳು, ತೋಳು ಮುಟ್ಟಿ ನೋಡಿದಳು. "ಮಾರಿ ತೊಳಕೊಂಡ್ರ ಏನಾಗ್ತದೋ ತಮ್ಮಾ, ಅಂಗಿ ಹಸಿ ಮಾಡ್ಕೊ" ಎಂದವಳೇ ಕೊಡದಿಂದ ಎರಡು ಚರಿಗಿ ನೀರು ತುಂಬಿ ನೆತ್ತಿಯ ಮೇಲೆ, ಕುತ್ತಿಗೆಯ ಹಿಂದೆ, ಬೆನ್ನಿಗೆ ಸುರಿದಳು. ತಮ್ಮನ ಕೈಗೆ ರಟ್ಟು ಕೊಟ್ಟು ಬೀಸು ಅಂದಳು. ನನ್ನ ಮಾತು ಸರಿಯಾಗಿ ಬರತೊಡಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು, ಒಂದೇ ಸಲ ಅಲ್ಲ, ಗುಟುಕು ಗುಟುಕಾಗಿ. ಆಮೇಲೆ ಬೈದಳು. "ಕೈ ಬಿಟ್ಕೊಂಡು ಯಾರ ಹೋಗ್ತಾರ ಈ ಬಿಸಲಾಗ? ಹೊಲಕ್ಕ ಹೋಗೋ ಹೆಣ್ಮಕ್ಕಳನ್ನ ನೋಡಿಲ್ಲೇನು, ಸೀರಿ ಮ್ಯಾಲ ಗಂಡಸರ ಅಂಗಿ ತೊಟ್ಕೊಂಡಿರ್ತಾರ. ಅವರಿಗೇನು ಹುಚ್ಚ?"

ಐದರವರೆಗೆ ಅದೇ ಮರದ ಕೆಳಗೆ ಮಲಗಿದ್ದೆವು.

ಆಕೆ ಮಾಡಿದ್ದು ಯಾಕೆ ಸರಿ, ನಾನು ಮಾಡಿದ್ದು ಯಾಕೆ ತಪ್ಪು ಎಂಬುದನ್ನು ಆಮೇಲೆ ಓದಿ, ಕೇಳಿ, ಮೈಮೇಲೆ ಪರೀಕ್ಷಿಸಿ ತಿಳಿದುಕೊಂಡೆ. ಗಾಳಿ ತಂಪು ಎಂಬುದು ನಮಗೆ ಹುಟ್ಟಿನಿಂದ ಬಂದ ನಂಬಿಕೆ. ಅದಕ್ಕೆ ಒಂದು ಗಡಿ ಇದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಮೈಯೊಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಚರ್ಮದ ಬಿಸಿ ಅದಕ್ಕಿಂತ ಕಡಿಮೆ, ಬೇಸಿಗೆಯಲ್ಲಿ ಸುಮಾರು 35. ಬೀಸುವ ಗಾಳಿ ಅದಕ್ಕಿಂತ ತಣ್ಣಗಿರುವವರೆಗೆ ಮೈಯಿಂದ ಶಾಖವನ್ನು ಒಯ್ಯುತ್ತದೆ. ಗಾಳಿ 40 ದಾಟಿತೆಂದರೆ ಲೆಕ್ಕ ತಿರುವುಮುರುವು. ಶಾಖ ಆಗ ಗಾಳಿಯಿಂದ ಮೈಗೆ ಹರಿಯುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು ಹರಿಯುತ್ತದೆ. ಬಿಸಿ ಚಹಾದ ಮುಂದೆ ಬೀಸಿದರೆ ಆರುತ್ತದೆ, ನಿಜ. ತಣ್ಣೀರಿನ ಲೋಟವನ್ನು ಉರಿಗಾಳಿಗೆ ಒಡ್ಡಿದರೆ ಬೇಗ ಕಾಯುತ್ತದೆ. 43 ಡಿಗ್ರಿಯ ಗಾಳಿಗೆ ನಮ್ಮ ಮೈ ಆ ತಣ್ಣೀರಿನ ಲೋಟ. ಗಾಡಿ ಓಡಿಸುವವನು ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಆ ಲೋಟವನ್ನು ಉರಿಗಾಳಿಯೊಳಗೆ ನುಗ್ಗಿಸುತ್ತಿರುತ್ತಾನೆ.

ಆಗ ಮೈಯನ್ನು ಕಾಯಬಲ್ಲದ್ದು ಬೆವರು ಮಾತ್ರ. ಬೆವರಿನ ಶಕ್ತಿ ಸಣ್ಣದಲ್ಲ: ಒಂದು ಲೀಟರ್ ಬೆವರು ಮೈಮೇಲೆ ಆರಿ ಹೋಗುವಾಗ ಸುಮಾರು 580 ಕಿಲೋ ಕ್ಯಾಲರಿ ಶಾಖ ಒಯ್ಯುತ್ತದೆ. ಅಷ್ಟು ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮಣ್ಣಿನ ಕೊಡದಲ್ಲಿ ನೀರು ತಣ್ಣಗಾಗುವುದು ಇದೇ ದಾರಿಯಿಂದ. ಹಿಂದೆ ಲಾರಿಗಳ ಮುಂದೆ ನೇತಾಡುತ್ತಿದ್ದ ಕ್ಯಾನ್ವಾಸ್ ನೀರಿನ ಚೀಲದ ಗುಟ್ಟೂ ಇದೇ. ಆದರೆ ಬೆವರಿಗೂ ಮಿತಿಯುಂಟು. ಗಂಟೆಗೆ ಒಂದು, ಒಂದೂವರೆ ಲೀಟರಿಗಿಂತ ಹೆಚ್ಚು ಬೆವರನ್ನು ಬಹುತೇಕರ ಮೈ ಕೊಡಲಾರದು. ಬರಿ ತೋಳಿನ ಮೇಲೆ ಒಣ ಬಿಸಿಗಾಳಿ ಬಡಿದಾಗ ಬೆವರು ಹನಿಯಾಗುವ ಮೊದಲೇ ಹಾರಿಹೋಗುತ್ತದೆ. ಗಾಳಿ ಕೇಳುವಷ್ಟನ್ನು ಚರ್ಮ ಕೊಡಲಾಗದೆ ಒಣಗುತ್ತದೆ, ಒಣಗಿದ ಚರ್ಮ ಬಾಣಲೆಯಂತೆ ಕಾಯುತ್ತದೆ. ತಿಂಥಣಿ ಬ್ರಿಜ್ ಮೇಲೆ ನನ್ನ ಮೊಳಕೈಗೆ ಹತ್ತಿದ ಉಪ್ಪು ಅದೇ. ನಾನು ಬೆವರುತ್ತಿದ್ದೆ, ನೀರು ಕಳೆದುಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ.

ಹಾಗಾದರೆ ಮಾಡಬೇಕಾದ್ದು ಎರಡು. ಗಾಳಿಯನ್ನು ಚರ್ಮದಿಂದ ದೂರವಿಡುವುದು, ಬೆವರಿನ ಕೆಲಸಕ್ಕೆ ಹೊರಗಿನ ನೀರು ಕೊಡುವುದು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ತುಂಬು ತೋಳಿನ ಅಂಗಿ, ನಮ್ಮ ಮುತ್ಯಾಗಳ ಬಿಳಿ ಪಟಕಾ, ಕಲಬುರಗಿಯ ಕಾಲೇಜು ಹುಡುಗಿಯರು ಸ್ಕೂಟಿ ಹತ್ತುವ ಮೊದಲು ಕಣ್ಣಷ್ಟೇ ಬಿಟ್ಟು ಸುತ್ತಿಕೊಳ್ಳುವ ಸ್ಕಾರ್ಫ್, ಎಲ್ಲವೂ ಮೊದಲನೆಯದನ್ನು ಮಾಡುತ್ತವೆ. ಮರುಭೂಮಿಯ ಬೆದೂಯಿನ್ ಜನ ಆ ಸುಡು ಮರಳಲ್ಲಿ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರುತ್ತದೆ, ಆದರೆ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಹೊರಗೆ ಹೋಗುತ್ತದೆ. ಕಪ್ಪಾದರೂ ಬಿಳಿಯಾದರೂ ಮೈಗೆ ತಾಗುವ ಬಿಸಿ ಒಂದೇ ಎಂಬುದು ಅವರು ಕಂಡ ಸಂಗತಿ. ಬಣ್ಣಕ್ಕಿಂತ ಮುಖ್ಯವಾದದ್ದು ಸಡಿಲವಾದ ಬಟ್ಟೆ, ಬಟ್ಟೆಗೂ ಮೈಗೂ ನಡುವಿನ ಜಾಗ. ಬಿಸಿಲಿಗೆ ಬಟ್ಟೆ ಬಿಚ್ಚಬೇಕು ಎಂದುಕೊಂಡವರು ಬಿಸಿಲ ನಾಡಿನವರಲ್ಲ. ನಾನು ಅಲ್ಲೇ ಹುಟ್ಟಿಯೂ ಅದನ್ನು ಮರೆತಿದ್ದೆ.

ಎರಡನೆಯದು ಹಸಿ ಅಂಗಿ. ತುಂಬು ತೋಳಿನ ಹತ್ತಿ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ, ನೀರು ಸೋರುವುದು ನಿಂತ ಮೇಲೆ ತೊಟ್ಟುಕೊಂಡು ಗಾಡಿ ಹತ್ತಿದರೆ ಮೊದಲ ಐದು ನಿಮಿಷ ಚಳಿ ಹಿಡಿಯುತ್ತದೆ. ಮೇಲೆ ಏನೂ ಇಲ್ಲದಿದ್ದರೆ ಮೇ ತಿಂಗಳ ಗಾಳಿಯಲ್ಲಿ ಅದು ಕಾಲು ಗಂಟೆಯೊಳಗೆ ಗರಿಗರಿ. ಅದರ ಮೇಲೆ ದಪ್ಪನೆಯ ಜಾಕೆಟ್ ಹಾಕಿ, ಜಿಪ್ ಎಳೆದು, ಕುತ್ತಿಗೆಯಲ್ಲಿ ಎರಡು ಬೆರಳಷ್ಟು, ತೋಳಿನ ತುದಿಯಲ್ಲಿ ಅಷ್ಟೇ ಸಣ್ಣ ಸಂದು ಬಿಟ್ಟರೆ ಅದೇ ಅಂಗಿ ಒಂದು ತಾಸಿಗೂ ಮೀರಿ ಹಸಿಯಾಗಿರುತ್ತದೆ. ಇದು ನಾನು ಮತ್ತೆ ಮತ್ತೆ ಗಡಿಯಾರ ನೋಡಿ ಖಚಿತ ಮಾಡಿಕೊಂಡದ್ದು. ನಲವತ್ತರ ಬಿಸಿಲಲ್ಲಿ ಜಾಕೆಟ್ ಮುಚ್ಚಿಕೊಂಡು ಹೋಗುವವನನ್ನು ಕಂಡರೆ ಜನ ಕನಿಕರ ಪಡುತ್ತಾರೆ. ಒಳಗೆ ಅವನು ಮಣ್ಣಿನ ಕೊಡದಂತೆ ತಣ್ಣಗಿರುತ್ತಾನೆ. ಗಾಳಿಯಾಡುವ ಜಾಲರಿ ಜಾಕೆಟ್ಟುಗಳು ಬೆಂಗಳೂರು, ಮೈಸೂರಿನ ಬೇಸಿಗೆಗೆ ಬಲು ಒಳ್ಳೆಯವು. ರಾಯಚೂರಿನ ಮಧ್ಯಾಹ್ನಕ್ಕೆ ಅವು ಉರಿಗಾಳಿಗೆ ತೆರೆದಿಟ್ಟ ಕಿಟಕಿಗಳು. ಬೆಂಗಳೂರಿನ ಇದುವರೆಗಿನ ದಾಖಲೆಯೇ 2016ರ ಏಪ್ರಿಲ್‌ನ 39.2 ಡಿಗ್ರಿ. ಅಲ್ಲಿಂದ ಬರುವ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಹೊಸ ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು, ಎರಡು ದಿನದ ರಜೆಯಲ್ಲಿ ಅದು ಆಗುವುದಿಲ್ಲ.

ಕರಾವಳಿಯವರು ಈ ಉಪಾಯ ನಂಬಿ ಮೋಸ ಹೋಗಬಾರದು. ಮಂಗಳೂರಿನಲ್ಲಿ 35 ಡಿಗ್ರಿ ಇದ್ದಾಗ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಹಸಿ ಅಂಗಿ ಆರುವುದಿಲ್ಲ, ಆರದ ಅಂಗಿ ತಂಪು ಕೊಡುವುದಿಲ್ಲ. ಅಲ್ಲಿ ಗಾಳಿ ಇನ್ನೂ ಚರ್ಮಕ್ಕಿಂತ ಬಿಸಿಯಾಗಿಲ್ಲದಿರುವುದರಿಂದ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಸರಿ.

ಹೆಲ್ಮೆಟ್ ವಿಷಯದಲ್ಲಿ ನಮ್ಮ ಕಡೆಯವರ ಹಟ ದೊಡ್ಡದು. "ತಲಿ ಬೇಯ್ತದ" ಎನ್ನುತ್ತಾರೆ. ನಿಂತಲ್ಲಿ ಬೇಯುತ್ತದೆ, ಒಪ್ಪಿದೆ. ಓಡುವಾಗ ಅದೇ ಹೆಲ್ಮೆಟ್ ನೆತ್ತಿಗೆ ಕೊಡೆ, ಕಿವಿಗೆ ಗೋಡೆ, ಗಾಜು ಇಳಿಸಿದರೆ ಕಣ್ಣು ಒಣಗದಂತೆ ರಕ್ಷೆ. ಒಳಗೆ ಒಂದು ಹಸಿ ಕರವಸ್ತ್ರವನ್ನೋ ತೆಳು ಹತ್ತಿ ಟೋಪಿಯನ್ನೋ ಹಾಕಿಕೊಂಡರೆ ಬೇಯುವ ಮಾತೇ ಇಲ್ಲ. ಬಿಸಿಲಿಗೆ ತಲೆ ತಿರುಗಿ ಬೀಳುವ ಸಾಧ್ಯತೆ ಹೆಚ್ಚಿರುವ ದಿನವೇ ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದು ನನಗೆ ಈಗ ಸಹಿಸಲಾಗದ ಸಂಗತಿ. ಎರಡು ಮೂರು ಸಲ ಗೆಳೆಯರೊಂದಿಗೆ ಜಗಳವನ್ನೇ ಮಾಡಿದ್ದೇನೆ.

ಇನ್ನು ಡಿಗ್ರಿಗಳ ಮಾತು. ಟಿವಿಯಲ್ಲಿ ಕಲಬುರಗಿ 43 ಎಂದು ಹೇಳಿದರೆ ಅದು ನೆರಳಿನ 43. ಹವಾಮಾನ ಇಲಾಖೆಯ ಥರ್ಮಾಮೀಟರ್ ಇರುವುದು ಗಾಳಿಯಾಡುವ ಪಟ್ಟಿಗಳ ಬಿಳಿ ಪೆಟ್ಟಿಗೆಯೊಳಗೆ, ಬಯಲು ನೆಲದ ಮೇಲೆ, ಎದೆಯೆತ್ತರದಲ್ಲಿ. ನಾವು ಓಡುವುದು ಡಾಂಬರಿನ ಮೇಲೆ. ಅಂಥ ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟಿರುತ್ತದೆ. ಕಾಲ ಕೆಳಗೆ ಆ ರಸ್ತೆ, ಮೊಣಕಾಲಿನ ಬಳಿ ಎಂಜಿನ್, ನೆತ್ತಿಯ ಮೇಲೆ ನೇರ ಬಿಸಿಲು. ಬಯಲು ಸೀಮೆಯಲ್ಲಿ ಉಷ್ಣತೆ 40 ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಾದರೆ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. 45 ಮುಟ್ಟಿದರೆ ವಾಡಿಕೆಯ ಲೆಕ್ಕವೇ ಬೇಡ. ರಾಯಚೂರಿನಲ್ಲಿ 1928ರ ಮೇ 23ರಂದೇ 45.6 ಡಿಗ್ರಿ ದಾಖಲಾಗಿತ್ತು. ಅಂದಿನ ಜನ ಆ ಮಧ್ಯಾಹ್ನ ಮಣ್ಣಿನ ಮಾಳಿಗೆಯ ಕೆಳಗೆ, ದಪ್ಪ ಗೋಡೆಗಳ ನಡುವೆ ಬಾಗಿಲು ಮುಚ್ಚಿ ಮಲಗಿದ್ದಿರಬೇಕು. ಮೋಟರ್ ಸೈಕಲ್ ಕೈಗೆ ಬಂದ ಮೇಲೆ ಮಧ್ಯಾಹ್ನವೂ ಓಡಾಟದ ಹೊತ್ತಾಯಿತು.

ಈ ಉರಿಗೆ ಎಲ್ಲಿ ಕೊನೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಒಂದು ಘಟನೆ ನನ್ನ ತಲೆಯಿಂದ ಹೋಗುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚಿನದೆಂದು ಒಪ್ಪಲಾದ 56.7 ಡಿಗ್ರಿ ದಾಖಲಾದದ್ದು ಅಲ್ಲಿಯೇ, 1913ರ ಜುಲೈ 10ರಂದು. 2024ರ ಜುಲೈ 6ರಂದು ಆರು ಜನರ ಬೈಕ್ ತಂಡವೊಂದು ಆ ಕಣಿವೆಯ ಬ್ಯಾಡ್‌ವಾಟರ್ ಬಳಿ ಹಾಯುತ್ತಿತ್ತು. ಅಂದಿನ ಉಷ್ಣತೆ 53.3 ಡಿಗ್ರಿ. ಒಬ್ಬರು ಅಲ್ಲೇ ಸತ್ತರು, ಇನ್ನೊಬ್ಬರನ್ನು ಲಾಸ್ ವೇಗಾಸ್‌ನ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೆಲಿಕಾಪ್ಟರ್ ಕಳಿಸಲೂ ಆಗಲಿಲ್ಲ. ಅಷ್ಟು ಕಾದ ಗಾಳಿ ತೆಳುವಾಗಿ ರೆಕ್ಕೆಗೆ ಆಧಾರ ಕೊಡುವುದಿಲ್ಲ. ಓಡುವ ಗಾಡಿಯ ಗಾಳಿ ಅಲ್ಲಿ ಯಾರನ್ನೂ ತಂಪು ಮಾಡಲಿಲ್ಲ. ಒಂದು ಮಟ್ಟ ಮೀರಿದ ಮೇಲೆ ಜಾಕೆಟ್ಟೂ ಇಲ್ಲ, ಹಸಿ ಅಂಗಿಯೂ ಇಲ್ಲ. ಹೊರಡದೆ ಇರುವುದೊಂದೇ ಉಪಾಯ.

ಗಾಡಿಯ ಬಗ್ಗೆ ಹೇಳಬೇಕಾದ್ದು ಕಡಿಮೆ, ಅದು ನಮಗಿಂತ ಗಟ್ಟಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿಸಬೇಕು. ಓಡಿ ಕಾದ ಟೈರಿನಲ್ಲಿ ಒತ್ತಡ ಏರುವುದು ಸಹಜ, ಅದನ್ನು ಕಂಡು ಗಾಳಿ ತೆಗೆಸಿದರೆ ಟೈರು ಹೆಚ್ಚು ಬಾಗಿ, ಇನ್ನೂ ಕಾದು, ಸಿಡಿಯುವ ಅಪಾಯ ಹೆಚ್ಚುತ್ತದೆ. ಹಳೆಯ ಪಂಕ್ಚರ್ ಪ್ಯಾಚುಗಳು ಕೈಕೊಡುವುದೂ ಈ ದಿನಗಳಲ್ಲೇ. ಟ್ಯಾಂಕ್ ಫುಲ್ ಮಾಡಿಸಬೇಡಿ, ಬಿಸಿಲಿಗೆ ಸಿಡಿಯುತ್ತದೆ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲಿ ವಾಟ್ಸಾಪಿನಲ್ಲಿ ಬರುತ್ತದೆ; ಇಂಡಿಯನ್ ಆಯಿಲ್ ಕಂಪನಿ ಅದು ಸುಳ್ಳೆಂದು ಹಲವು ಸಲ ಹೇಳಿದೆ. ಹತ್ತು ಲೀಟರ್ ಪೆಟ್ರೋಲ್ 20 ಡಿಗ್ರಿ ಕಾದರೆ ಹಿಗ್ಗುವುದು ಸುಮಾರು 200 ಮಿಲಿಲೀಟರ್. ಅದಕ್ಕೆ ಬೇಕಾದ ಜಾಗವನ್ನು ಟ್ಯಾಂಕ್ ಮಾಡುವವರೇ ಬಿಟ್ಟಿರುತ್ತಾರೆ.

ನೀರಿನ ವಿಷಯ ಹಾಗಲ್ಲ. ಎಪ್ಪತ್ತು ಕಿಲೋ ತೂಕದವನು ಒಂದೂವರೆ ಲೀಟರ್ ಬೆವರು ಕಳೆದುಕೊಂಡರೆ ತೂಕದ ನೂರಕ್ಕೆ ಎರಡು ಪಾಲು ಹೋದಂತೆ. ಗಮನ ತಪ್ಪಲು, ಕಣ್ಣಿಗೂ ಕೈಗೂ ನಡುವಿನ ಹೊಂದಾಣಿಕೆ ಸಡಿಲಾಗಲು ಅಷ್ಟು ಸಾಕು. ಒಂದೆರಡು ತಾಸಿನ ದಾರಿಯಲ್ಲಿ ಅಷ್ಟು ಹೋಗಿಬಿಡುತ್ತದೆ. ಬರೀ ನೀರು ಕುಡಿಯುತ್ತಾ ಹೋದರೂ ಸಾಲದು, ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಲಿಂಬು ಸರಬತ್ತು, ನಮ್ಮ ದಾರಿಬದಿಗೆ ಇವು ಸಿಗದ ಊರಿಲ್ಲ. ಓಆರ್‌ಎಸ್ ಪೊಟ್ಟಣ ಒಯ್ದರೆ ಅದರ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ಲೀಟರಿನ ಪೊಟ್ಟಣವನ್ನು ಸಣ್ಣ ಬಾಟಲಿಗೆ ಸುರಿದು ಕುಡಿಯುವವರನ್ನು ಬಹಳ ಕಂಡಿದ್ದೇನೆ, ಅದು ಬಾಯಾರಿಕೆ ಹೆಚ್ಚಿಸುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರು ಇಂಥ ದಾರಿಗೆ ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯುವುದಿಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ. ರೊಟ್ಟಿಯ ಜೊತೆ ತಿಂದರೆ ರುಚಿ, ಕಿಸೆಯಲ್ಲಿ ಅದರಿಂದ ಉಪಯೋಗವಿಲ್ಲ.

ಝಳ ಬಡಿದವನ ಗುರುತು ಮೈ ಕಾದಿರುವುದಷ್ಟೇ ಅಲ್ಲ, ಮಾತು ಕೆಡುವುದು. ಕೇಳಿದ್ದಕ್ಕೆ ಬೇರೇನೋ ಹೇಳುತ್ತಾನೆ, ಸಿಡುಕುತ್ತಾನೆ, ತೂರಾಡುತ್ತಾನೆ. ಮೈಯೊಳಗಿನ ಬಿಸಿ 40 ದಾಟಿ ಮಿದುಳಿಗೆ ತಟ್ಟಿದೆ ಎಂದು ಅದರ ಅರ್ಥ. ಆಗ ಕೈಯಲ್ಲಿರುವುದು ಕೆಲವೇ ನಿಮಿಷ. ನೆರಳಿಗೆ ತಂದು, ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು, ಬೀಸುತ್ತಲೇ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅಂಬುಲೆನ್ಸ್ ಬಂದ ಮೇಲೆ ತಂಪು ಮಾಡಿದರಾಯಿತು ಎಂದು ಕಾದು ಕೂರಬಾರದು. ಆ ಚಹಾದಂಗಡಿಯ ಮುದುಕಿ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನನ್ನ ಮಾತು ಸರಿಯಾಗುವವರೆಗೆ ಮಜ್ಜಿಗೆಯನ್ನು ದೂರವೇ ಇಟ್ಟಿದ್ದಳು.

ನಾನು ಪತ್ರಿಕೆ ಹಂಚಲು ವರ್ಷಕ್ಕೊಮ್ಮೆ ಹೋದವನು. ದಿನವೂ ಇದೇ ಬಿಸಿಲಲ್ಲಿ ಇರುವವರಿದ್ದಾರೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಸರಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಒಳ್ಳೆಯ ಪದ್ಧತಿ. ಬಿಸಿಲನ್ನು ಸರಕಾರವೇ ಒಪ್ಪಿಕೊಂಡ ಹಾಗೆ. ಆದರೆ ಫ್ಯಾನಿನ ಕೆಳಗಿನವರು ಒಂದೂವರೆಗೆ ಮನೆ ಸೇರುವ ಹೊತ್ತಿಗೇ ಬೀದಿಯಲ್ಲಿರುವವರ ಕೆಲಸ ಏರುತ್ತದೆ. ಕಲಬುರಗಿಯ ಜಗತ್ ವೃತ್ತದ ಹತ್ತಿರ ಒಂದು ಮಧ್ಯಾಹ್ನ ಗೋಡೆಯ ಒಂದು ಮಾರು ನೆರಳಿಗೆ ಬೈಕ್ ಆನಿಸಿ ನಿಂತಿದ್ದ ಊಟ ತಲುಪಿಸುವ ಹುಡುಗನನ್ನು ಮಾತಾಡಿಸಿದೆ. "ಒಂದರಿಂದ ಮೂರೇ ನಮಗ ಸುಗ್ಗಿ ರೀ. ಮಂದಿ ಬಿಸಲಾಗ ಹೊರಗ ಬರಂಗಿಲ್ಲಲ, ಅದಕ್ಕ ಆರ್ಡರ್ ಜಾಸ್ತಿ" ಅಂದ. ಅವನ ಬೆನ್ನಿನ ಚೀಲದೊಳಗೆ ಯಾರದೋ ಐಸ್‌ಕ್ರೀಮ್ ಕರಗದಂತೆ ಭದ್ರವಾಗಿತ್ತು. ಅವನ ಬಾಟಲಿಯ ನೀರು ಚಹಾದಷ್ಟು ಬಿಸಿ ಇತ್ತು.

ಆ ಹುಡುಗನಿಗೆ ಹಸಿ ಅಂಗಿಯ ಉಪಾಯ ಹೇಳಿದೆ. ಹೇಳುವಾಗ ನನಗೇ ಸಂಕಟವಾಯಿತು. ಅವನಿಗೆ ಬೇಕಾದದ್ದು ಉಪಾಯವಲ್ಲ, ನಿಲ್ಲುವ ಹಕ್ಕು. ನಮ್ಮ ಕರಾವಳಿಯ ಎಷ್ಟೋ ಜನ ದುಡಿಯುವ ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಬೈಕಿನಲ್ಲಿ ಸಾಮಾನು ತಲುಪಿಸುವವರಿಗೂ ಆ ನಿಯಮ ತಟ್ಟಿದೆ, ಆ ಹೊತ್ತಿಗೆ ಕಾರು ಬಳಸಬೇಕು. ಚೆನ್ನೈ ಮಹಾನಗರ ಪಾಲಿಕೆ 2025ರಲ್ಲಿ ಇಂಥ ಕೆಲಸಗಾರರಿಗಾಗಿ ರಸ್ತೆ ಬದಿಯಲ್ಲಿ ಎ.ಸಿ. ಇರುವ ವಿಶ್ರಾಂತಿ ಕೋಣೆಗಳನ್ನು ಕಟ್ಟಿಸಿತು. ಕರ್ನಾಟಕ ಅದೇ ವರ್ಷ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿತು, ಪ್ರತಿ ವಹಿವಾಟಿನಿಂದ ಕಲ್ಯಾಣ ನಿಧಿಗೆ ನೂರಕ್ಕೆ ಒಂದರಿಂದ ಐದರಷ್ಟು ಶುಲ್ಕ ಬರಬೇಕು ಎಂದಿತು. ಆ ನಿಧಿಯ ಮೊದಲ ದುಡ್ಡು ಕಲಬುರಗಿ, ರಾಯಚೂರು, ಬಳ್ಳಾರಿಯ ವೃತ್ತಗಳಲ್ಲಿ ನೆರಳಾಗಿ, ಒಂದು ನಲ್ಲಿಯಾಗಿ, ಒಂದು ಬೆಂಚಾಗಿ ಬರಲಿ ಎಂಬುದು ನನ್ನ ಆಸೆ. ಬಿಸಿಗಾಳಿಯ ಮುನ್ಸೂಚನೆ ಇರುವ ದಿನ ಅರ್ಧ ಗಂಟೆ ತಡವಾದ ಊಟಕ್ಕೆ ಹುಡುಗನ ಅಂಕ ಕಡಿಯಬಾರದು. ಆ ದಿನ ಒಂದು ಗಂಟೆಯ ಊಟವನ್ನು ಹನ್ನೊಂದಕ್ಕೇ ತರಿಸಿಕೊಳ್ಳುವುದು ನಮ್ಮಿಂದಾಗುತ್ತದೆ. ಬಾಗಿಲಿಗೆ ಬಂದವನಿಗೆ ಮಣ್ಣಿನ ಕೊಡದ ನೀರು ಕೊಡುವುದೂ ಆಗುತ್ತದೆ.

ಈ ವರ್ಷ ಅಕ್ಕನ ಮಗನ ಮದುವೆ. ಅದೇ ದಾರಿ, ಅದೇ ತಮ್ಮ, ಈಗ ಗಾಡಿ ಅವನ ಕೈಯಲ್ಲಿ. ನಾಲ್ಕೂವರೆಗೆ ಮನೆ ಬಿಟ್ಟೆವು. ಭೀಮೆ ದಾಟುವಾಗ ಇನ್ನೂ ಕತ್ತಲು. ಅಷ್ಟು ಹೊತ್ತಿಗೆ ಮನೆಮನೆಗೆ ಹೋಗಲಾಗದೆಂದು ಜೇವರ್ಗಿ, ಶಹಾಪುರದ ಪತ್ರಿಕೆಗಳನ್ನು ತಿರುಗಿ ಬರುವಾಗಿನ ಬೆಳಗಿಗೆ ಎತ್ತಿಟ್ಟೆವು. ಸುರಪುರದಲ್ಲಿ ಅತ್ತೆ ಮಾಡಿಕೊಟ್ಟ ಉಪ್ಪಿಟ್ಟು ತಿಂದು, ಲಿಂಗಸುಗೂರಿನಲ್ಲಿ ಮೂರು ಮನೆ ಮುಗಿಸಿ, ಹನ್ನೊಂದರೊಳಗೆ ಮಸ್ಕಿಯ ಬೀಗರ ಮನೆಯಲ್ಲಿದ್ದೆವು. ತಿಂಥಣಿ ಬ್ರಿಜ್ ದಾಟಿದ ಮೇಲೆ ನಾನು ಬಲಕ್ಕೂ ಎಡಕ್ಕೂ ನೋಡುತ್ತಲೇ ಬಂದೆ. ರಸ್ತೆ ಅಗಲವಾಗಿದೆ, ನುಣುಪಾಗಿದೆ. ಬೇವಿನ ಮರ ಇಲ್ಲ, ಚಹಾದಂಗಡಿಯೂ ಇಲ್ಲ. ಮುದುಕಿ ಎಲ್ಲಿಗೆ ಹೋದಳೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರು ಕೊರೆದ ಬಂಡೆಯಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದದ್ದು. ಅದೇ ಅಶೋಕ ದಾರಿಗಳ ಬದಿಗೆ ಮನುಷ್ಯರಿಗೂ ದನಕರುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿದೆ ಎಂದು ಬೇರೊಂದು ಶಾಸನದಲ್ಲಿ, ದೆಹಲಿಯಲ್ಲಿರುವ ತೋಪ್ರಾ ಕಂಬದ ಮೇಲೆ, ಹೇಳಿಕೊಂಡಿದ್ದಾನೆ. ಮಧ್ಯಾಹ್ನವೆಲ್ಲ ಬೀಗರ ಮನೆಯ ಪಡಸಾಲೆಯ ಕಲ್ಲು ಹಾಸಿನ ಮೇಲೆ ಮಲಗಿ ನಾನು ಆ ಬೇವಿನ ಮರವನ್ನೇ ನೆನೆಯುತ್ತಿದ್ದೆ.

ಐದಕ್ಕೆ ಎದ್ದೆವು. ಹಿತ್ತಲಿನ ದೋಣಿಯಲ್ಲಿ ಇಬ್ಬರ ಅಂಗಿಯನ್ನೂ ಅದ್ದಿ, ಹಿಂಡದೆ ತೊಟ್ಟುಕೊಂಡು ಮೇಲೆ ಜಾಕೆಟ್ ಹಾಕಿಕೊಂಡೆವು. ಬೀಗತಿ ಬಾಗಿಲಲ್ಲಿ ನಿಂತು, "ಅಯ್ಯ, ಹಸಿ ಅಂಗಿ ತೊಟ್ಕೊಂಡು ಹೋದ್ರ ನೆಗಡಿ ಆಗ್ತದಲ್ರೀ" ಎಂದು ಗಾಬರಿಯಾದರು. ಆಗುವುದಿಲ್ಲ ಎಂದು ಹೇಳಿ, ಉಳಿದ ನಾಲ್ಕು ಪತ್ರಿಕೆಗಳನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಿಂಧನೂರಿನ ಕಡೆ ತಿರುಗಿದೆವು.